ಅರಿಷಿಣ-ಕುಂಕುಮದ ಹೊಲ

ಧಾರವಾಡದಲ್ಲಿ ಮೂರು ದಶಕ ಜಮೀನಿನ ಕಾಗದಪತ್ರಗಳನ್ನೇ ನೋಡಿದ ವಕೀಲ ನಾನು. ಈ ಪ್ರಸಂಗ ನಡೆದದ್ದು ನಾನು ಕರಿ ಕೋಟು ಕಳಚಿಡುವುದಕ್ಕೆ ಒಂದೆರಡು ವರ್ಷ ಮೊದಲು.

ಉಪ್ಪಿನಬೆಟಗೇರಿಯ ಫಕ್ಕೀರಪ್ಪ ಒಂದು ಬೆಳಿಗ್ಗೆ ತಂಗಿ ರೇಣುಕಾಳ ಜೊತೆ ಬಂದ. ಆಕೆ ಐರ್ಲೆಂಡಿನಲ್ಲಿ ನರ್ಸ್. ಹಿಂದಿನ ವರ್ಷವಷ್ಟೇ ಅಲ್ಲಿಯ ಪೌರತ್ವ ತೆಗೆದುಕೊಂಡು, ನಮ್ಮ ಪಾಸ್‌ಪೋರ್ಟ್ ಒಪ್ಪಿಸಿ, ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಪಡೆದಿದ್ದಳು. ವಿದೇಶಕ್ಕೆ ಹೋಗುವ ಮೊದಲೇ ಆದ ಮದುವೆಯಲ್ಲಿ ಅಪ್ಪ ಅವಳಿಗೆ ಕಪ್ಪು ಮಣ್ಣಿನ ಎರಡು ಎಕರೆ ಎರಿ ಹೊಲವನ್ನು ಅರಿಷಿಣ-ಕುಂಕುಮಕ್ಕೆಂದು ಬರೆದುಕೊಟ್ಟಿದ್ದ. ತವರಿನವರು ಮಗಳಿಗೆ ಹೀಗೆ ಹೊಲ ಕೊಡುವುದು ನಮ್ಮ ಕಡೆಯ ರೂಢಿ. ಅದನ್ನು ಉಳುವವನು ಅಣ್ಣ.

"ಸಾಹೇಬ್ರ, ಆ ಹೊಲ ಅಣ್ಣನ ಹೆಸರಿಗೆ ಬಕ್ಷೀಸ ಪತ್ರ ಮಾಡಿಕೊಡ್ರಿ. ಲಗೂ ಆಗ್ಬೇಕ್ರಿ," ಅಂದಳು ರೇಣುಕಾ. ಬಕ್ಷೀಸ ಪತ್ರ ಅಂದರೆ ದಾನಪತ್ರ.

ನನ್ನ ಪಿತ್ತ ನೆತ್ತಿಗೇರಿತು. ಅಕ್ಕತಂಗಿಯರನ್ನು ಕರೆತಂದು, ಸಹಿ ಹಾಕಿಸಿಕೊಂಡು, ಒಂದು ಸೀರೆ ಉಡಿಸಿ ಕಳಿಸುವ ಅಣ್ಣತಮ್ಮಂದಿರನ್ನು ಎಷ್ಟು ನೋಡಿಲ್ಲ! "ಏನೋ ಮಾರಾಯಾ, ತಂಗಿ ಅರಿಷಿಣ-ಕುಂಕುಮದ ಮ್ಯಾಲೂ ನಿನಗ ಕಣ್ಣ?" ಅಂತ ಫಕ್ಕೀರಪ್ಪನಿಗೆ ಜೋರು ಮಾಡಿದೆ.

ರೇಣುಕಾ ಪಕ್ಕನೆ ನಕ್ಕಳು. "ಅಯ್ಯ, ಅಂವಗ ಬೈಬ್ಯಾಡ್ರಿ! ಅಂವ ಒಲ್ಲೆ ಅಂತ ಮಾರಿ ಉಬ್ಬಿಸ್ಕೊಂಡು ಕುಂತಾನ. ನಾನಾ ಎಳಕೊಂಡು ಬಂದೇನ್ರಿ."

ನಾನು ಕಕ್ಕಾಬಿಕ್ಕಿ. ಹೊಲ ನನಗೆ ಬೇಕು ಅಂತ ಬಡಿದಾಡುವವರು ದಿನಾ ಬರುತ್ತಿದ್ದರು. ಬೇಡ ಅಂತ ಜಗಳ ತೆಗೆದವರು ಇವರೇ ಮೊದಲು. ದಾನಪತ್ರಕ್ಕೆ ತೆಗೆದುಕೊಳ್ಳುವವನ ಒಪ್ಪಿಗೆಯೂ ಬೇಕು. "ಯಾಕ ಒಲ್ಲೆ?" ಅಂತ ಫಕ್ಕೀರಪ್ಪನನ್ನು ಕೇಳಿದೆ.

"ಈಕಿ ಹೊಲ ಐತಿ ಅಂತ ವರ್ಷಾ ಎಳ್ಳ ಅಮಾಸಿಗೆ ಚರಗ ಚೆಲ್ಲಾಕ ಬರ್ತಾಳ್ರಿ. ಅದು ನನ್ನ ಹೊಲ ಆದಮ್ಯಾಲೆ ಯಾಕ ಬರ್ತಾಳ? ನನ್ನ ಮಾರಿ ನೋಡಾಕ?" ಅವನು ಹೆಗಲ ಮೇಲಿನ ವಸ್ತ್ರದಿಂದ ಕಣ್ಣೊತ್ತಿಕೊಂಡ. ಬುತ್ತಿ ಒಯ್ದು ಹೊಲಕ್ಕೆ ಉಣಿಸುವುದೇ ಚರಗ. ಅಣ್ಣನಿಗೆ ಅದು ತಂಗಿ ಮನೆಗೆ ಬರುವ ಹಬ್ಬ.

"ಮತ್ತ ನೀ ಯಾಕ ಕೊಡಾಕತ್ತಿ ಯವ್ವಾ?" ಅಂದೆ ರೇಣುಕಾಗೆ.

"ನನಗರ ಮನಸೈತೇನ್ರಿ? ಪರದೇಶದವ್ರಾದ್ರ ಹೊಲ ಸರ್ಕಾರ ಜಪ್ತಿ ಮಾಡ್ತೈತಿ ಅಂತ ಊರಾಗೆಲ್ಲಾ ಹೇಳಾಕತ್ತಾರ. ಸರ್ಕಾರಕ್ಕ ಹೋಗೂದಕ್ಕಿಂತ ಅಣ್ಣಗ ಉಳೀಲಿ ಅಂತ..." ಈಗ ಅವಳ ಕಣ್ಣಲ್ಲೂ ನೀರು.

ಹಳೆಯ ಪತ್ರ, ಉತಾರ ಎಂಬ ಪಹಣಿ ಎರಡನ್ನೂ ಓದಿದೆ. ಫೆಮಾ ಎಂಬ ವಿದೇಶಿ ವಿನಿಮಯ ಕಾಯ್ದೆಯ ಪ್ರಕಾರ ಓಸಿಐ ಕಾರ್ಡಿನವರು ಇಲ್ಲಿ ಮನೆ, ಅಂಗಡಿ ಕೊಳ್ಳಬಹುದು. ಕೃಷಿ ಜಮೀನು ಹೊಸದಾಗಿ ಕೊಳ್ಳುವಂತಿಲ್ಲ. ಆದರೆ ಇಲ್ಲಿ ವಾಸವಿದ್ದಾಗ ಪಡೆದ ಹೊಲವನ್ನು ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಮಾರುವುದಾದರೆ ಮಾತ್ರ ಇಲ್ಲೇ ಇರುವ ಭಾರತೀಯ ಪ್ರಜೆಗೆ ಮಾರಬೇಕು. ಇದನ್ನೆಲ್ಲ ಇಬ್ಬರಿಗೂ ಬಿಡಿಸಿ ಹೇಳಿದೆ.

"ಹಂಗಾರ ಅದು ನಂದಾ ಏನ್ರಿ?"

"ನಿಂದಾ ಯವ್ವಾ. ಖರೇ ನಿಂದಾ!"

ಅವಳು ಅಳುತ್ತ, ನಗುತ್ತ ಅಣ್ಣನ ಬೆನ್ನಿಗೆ ಗುದ್ದಿದಳು. ಫಕ್ಕೀರಪ್ಪ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದ. "ಸಾಹೇಬ್ರ, ಆಗ ಬೈದ್ರಲ್ಲ, ಅದನ್ನ ವಾಪಸ್ ತೊಗೋರಿ."

"ತೊಗೊಂಡೆ ಮಾರಾಯಾ," ಅಂದೆ. ಮೂವರೂ ಹೊಟ್ಟೆ ತುಂಬ ನಕ್ಕೆವು.

ಕಕ್ಷಿದಾರರು ಪತ್ರ ಬರೀರಿ ಅಂದ ಕೂಡಲೇ ಪೆನ್ನು ತೆಗೆಯಬಾರದು, ಯಾಕೆ ಅಂತ ಮೊದಲು ಕೇಳಬೇಕು. ನನ್ನ ವೃತ್ತಿ ಕಲಿಸಿದ್ದು ಇದು. ಅವತ್ತು ಕೇಳದೆ ಬರೆದುಕೊಟ್ಟಿದ್ದರೆ, ಯಾವ ಸರ್ಕಾರವೂ ಕಸಿಯದ ಹೊಲವನ್ನು ನಾನೇ ಕಸಿದಂತಾಗುತ್ತಿತ್ತು.