ರಮಾಮಣಿ ಸಾಕಿದ ಬ್ಯಾಕ್ಟೀರಿಯಾ

ಸೋಪಿನ ಮೇಲೆ ರಮಾಮಣಿಗಿದ್ದಷ್ಟು ಸಿಟ್ಟು ಬೇರೆ ಹೆಂಗಸರಿಗೆ ಸವತಿಯ ಮೇಲೂ ಇರಲಿಕ್ಕಿಲ್ಲ. ಹೋಟೆಲು, ಅಡುಗೆಮನೆಗಳ ಕಟ್ಟೆ ಒರೆಸುವ ಕ್ರಿಮಿನಾಶಕ ತಯಾರಿಸುವ ಕಾರ್ಖಾನೆಯೊಂದು ದೊಡ್ಡನೆಕ್ಕುಂದಿಯಲ್ಲಿದೆ. ಅಲ್ಲಿಯ ಲ್ಯಾಬಿಗೆ ಆಕೆಯೇ ಯಜಮಾನಿ. ಹೊಸದಾಗಿ ಯಾರೇ ಸೇರಲಿ, ಮೊದಲ ದಿನವೇ ಪಾಠ. "ನಮ್ಮ ದ್ರಾವಣಕ್ಕೂ ಸೋಪಿಗೂ ಆಗ್ಬರಲ್ಲ. ಟೆಸ್ಟ್ ಮಾಡೋ ಟೈಲ್ಸ್ ಮೇಲೆ ಸೋಪಿನ ಪಸೆ ಉಳೀತು ಅಂದ್ರೆ ದ್ರಾವಣದ ಕಥೆ ಮುಗೀತು. ಚೆನ್ನಾಗಿ ನೀರಲ್ಲಿ ಜಾಲಾಡ್ಸಿ." ಜೊತೆಯಲ್ಲಿ ಕೆಲಸ ಮಾಡುವ ಅಭಿನವ್, ಮೇಡಂ ಮನೆಯಲ್ಲೂ ಸೋಪು ಮುಟ್ಟುವುದಿಲ್ಲವೇನೋ ಎಂದು ಹಿಂದಿನಿಂದ ಆಡಿಕೊಂಡದ್ದೂ ಉಂಟು. ಅದು ಆಕೆಗೂ ಗೊತ್ತಿತ್ತು.

ಮೂರು ವರ್ಷದ ಹಿಂದಿನ ರಾಮನವಮಿ. ವಿಮಾನಪುರದ ಅವರ ಬೀದಿಯ ಪೆಂಡಾಲಿನಲ್ಲಿ ಪಾನಕ, ಕೋಸಂಬರಿ ಹಂಚಿದರು. ಬೀದಿಯ ಅರ್ಧ ಜನಕ್ಕೆ ಹೊಟ್ಟೆ ಕೆಟ್ಟಿತು. ಮಜ್ಜಿಗೆ ಅನ್ನ ಉಂಡುಕೊಂಡು ಎಲ್ಲರೂ ಎದ್ದರು, ರಮಾಮಣಿಯ ಒಬ್ಬಳೇ ಮಗಳು ಮಧುರಾ ಏಳಲಿಲ್ಲ. ಬಿ.ಕಾಂ. ಕಡೇ ವರ್ಷದ ಹುಡುಗಿ. ಕೀಲುಬೇನೆಗೆ ಸ್ಟೀರಾಯ್ಡ್ ಮಾತ್ರೆ ನುಂಗಿ ನುಂಗಿ ಮೈಯಲ್ಲಿ ತಡೆದುಕೊಳ್ಳುವ ಶಕ್ತಿ ಉಳಿದಿರಲಿಲ್ಲ. ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿಯಿತು. ಕ್ಯಾಂಟೋನ್ಮೆಂಟ್ ಕಡೆಯ ಆಸ್ಪತ್ರೆಯೊಂದರಲ್ಲಿ ಒಂದಾದ ಮೇಲೊಂದು ಆಂಟಿಬಯಾಟಿಕ್ ಹಾಕಿ ನೋಡಿದರು. ಹಾಳಾದ್ದು ಯಾವುದಕ್ಕೂ ಜಗ್ಗಲಿಲ್ಲ. ವಾರ ತುಂಬುವುದರೊಳಗೆ ಮಗಳು ಹೋದಳು. ಕ್ರಿಮಿ ಕೊಂದು ಸಂಬಳ ಎಣಿಸುವ ತಾಯಿ ಹಾಸಿಗೆಯ ಪಕ್ಕದಲ್ಲಿ ಕೈಕಟ್ಟಿ ಕೂತಿದ್ದಳು. ಇದೆಂಥ ಅನ್ಯಾಯ, ಯಾರನ್ನು ಕೇಳುವುದು?

ವರ್ಷ ತುಂಬಿದಾಗ ಗಂಡ ಸುದರ್ಶನ್ ಪುರೋಹಿತರನ್ನು ವಿಚಾರಿಸಿದರು. "ಮದುವೆ ಆಗದ ಹೆಣ್ಣುಮಗು. ನಿಮ್ಮ ಮನೆ ಪದ್ಧತೀಲಿ ತಿಥಿ ಇಲ್ಲ, ಪಿಂಡ ಇಲ್ಲ. ದೇವಸ್ಥಾನದಲ್ಲಿ ಒಂದು ಅರ್ಚನೆ ಮಾಡಿಸ್ಬಿಡಿ" ಎಂದರು ಅವರು. ಕಣ್ಣಿನಿಂದ ಕಂಡಿರದ ಮುತ್ತಾತನಿಗೂ ಎಡೆ ಉಂಟು. ಕೈತುತ್ತು ತಿಂದು ಬೆಳೆದವಳಿಗೆ ವರ್ಷಕ್ಕೊಂದು ಹಿಡಿ ಅನ್ನ ಇಲ್ಲ. ರಮಾಮಣಿ ಎದ್ದು ಒಳಗೆ ಹೋದಳು.

ಅಷ್ಟರಲ್ಲಾಗಲೇ ಆಕೆ ಒಂದು ಹಟ ಹಿಡಿದಿದ್ದಳು. ಆ ಆಸ್ಪತ್ರೆಯ ಲ್ಯಾಬಿನಲ್ಲಿದ್ದ ಬಿಲ್ಕೀಸ್ ಎಂ.ಎಸ್ಸಿ. ಓದುವಾಗಿನ ಗೆಳತಿ. ಮಧುರಾಳ ರಕ್ತದಿಂದ ಬೇರ್ಪಡಿಸಿದ ಬ್ಯಾಕ್ಟೀರಿಯಾವನ್ನು ಪ್ರಯೋಗಕ್ಕೆಂದು ರಮಾಮಣಿ ಅವಳನ್ನು ಕೇಳಿ ತಂದಳು.

"ಬೇಡ ರಮಾ. ಅದನ್ನ ದಿನಾ ಕಣ್ಣಾರೆ ನೋಡ್ತೀಯಾ?" ಎಂದಳು ಬಿಲ್ಕೀಸ್.

"ನೋಡ್ಬೇಕು. ಇದನ್ನ ಕೊಲ್ಲೋ ದ್ರಾವಣ ಮಾಡ್ದೆ ನಾನು ಸಾಯಲ್ಲ."

ಆಸ್ಪತ್ರೆಯದು ಒಂದೇ ಕರಾರು: ಕೆಲಸ ಮುಗಿದ ಮೇಲೆ ಚೂರೂ ಉಳಿಸಬಾರದು. ಅವರು ತಮ್ಮಲ್ಲಿದ್ದುದನ್ನು ಆಗಲೇ ನಾಶ ಮಾಡಿದ್ದರು.

ಕೊಲ್ಲಬೇಕಾದರೆ ಮೊದಲು ಸಾಕಬೇಕು. ಪ್ರತಿ ಶುಕ್ರವಾರ ರಮಾಮಣಿ ಅದು ತಿಂದು ಬೆಳೆಯುವ ಸಾರು ಕಾಯಿಸಿ, ಆರಿಸಿ, ಹಳೆಯ ಗಾಜಿನ ಕೊಳವೆಯಿಂದ ಒಂದಿಷ್ಟನ್ನು ಹೊಸ ಕೊಳವೆಗೆ ದಾಟಿಸಿ, ನಮ್ಮ ಮೈ ಬಿಸಿಯಷ್ಟೇ ಬಿಸಿ ಇರುವ ಪೆಟ್ಟಿಗೆಯಲ್ಲಿ ಇಡುತ್ತಿದ್ದಳು. ಬೇರೆಯವರಿಗೆ ಮುಟ್ಟಗೊಡುತ್ತಿರಲಿಲ್ಲ. ಮೊದಮೊದಲು "ತಿನ್ನು, ತಿಂದು ಸಾಯಿ" ಎಂದು ಬೈಯುತ್ತಿದ್ದಳು. ಬೈಗುಳ ಯಾವಾಗ ನಿಂತಿತೋ ಆಕೆಗೇ ತಿಳಿಯಲಿಲ್ಲ. ಒಂದು ಶುಕ್ರವಾರ ಜ್ವರದಲ್ಲೇ ಹೊರಟಾಗ ಸುದರ್ಶನ್ ತಡೆದರು. "ಒಂದು ವಾರ ಬಿಟ್ರೆ ಏನಾಗುತ್ತೆ?"

"ಹಸ್ಕೊಂಡಿರುತ್ತೆ ರೀ" ಎಂದುಬಿಟ್ಟಳು. ಸುದರ್ಶನ್ ಸ್ಕೂಟರ್ ತೆಗೆದರು.

ಹಳೆಯ ಯಾವ ದ್ರಾವಣಕ್ಕೂ ಅದು ಸೊಪ್ಪು ಹಾಕಲಿಲ್ಲ. ಕೊನೆಗೆ ಈ ಆಷಾಢದಲ್ಲಿ ಕೂಡಿಸಿದ ಹೊಸ ದ್ರಾವಣ ಲ್ಯಾಬಿನಲ್ಲಿದ್ದ ಬೇರೆ ಹಠಮಾರಿ ತಳಿಗಳನ್ನೆಲ್ಲ ಕೊಂದಿತು. ಉಳಿದದ್ದು ಮಧುರಾಳದೊಂದು. ರಮಾಮಣಿ ತಾನೇ ಟೈಲ್ಸ್ ತೊಳೆದು, ಬ್ಯಾಕ್ಟೀರಿಯಾ ಸವರಿ, ದ್ರಾವಣ ಹಾಕಿ, ಆಮೇಲೆ ಒರೆಸಿ ತೆಗೆದದ್ದನ್ನು ಗಾಜಿನ ತಟ್ಟೆಯಲ್ಲಿ ಬೆಳೆಯಲಿಟ್ಟಳು. ಮರುದಿನ ನೋಡಿದರೆ ತಟ್ಟೆಯ ತುಂಬ ಬೆಳೆದಿತ್ತು.

"ಹೋಯ್ತು ಮೇಡಂ, ಇದೂ ಫೇಲು" ಎಂದು ಅಭಿನವ್ ತಲೆಮೇಲೆ ಕೈಹೊತ್ತು ಕೂತ.

ರಮಾಮಣಿಯ ಎದೆ ಮಾತ್ರ ಹಗುರಾಯಿತು. ಸದ್ಯ, ಬದುಕಿದೆಯಲ್ಲ ಎಂದುಕೊಂಡಳು. ಹಾಗೆ ಅಂದುಕೊಂಡ ಗಳಿಗೆಯಲ್ಲೇ ತನ್ನ ಮೇಲೇ ಅನುಮಾನ ಬಂತು. ನಿನ್ನೆ ತೊಳೆದಿಟ್ಟಿದ್ದರಲ್ಲಿ ಬಳಸದೆ ಉಳಿದ ಟೈಲ್ಸನ್ನು ಒದ್ದೆ ಬೆರಳಿನಿಂದ ಮುಟ್ಟಿ ನೋಡಿದಳು. ಜಾರಿತು. ಸೋಪು. ಊರಿಗೆಲ್ಲ ಪಾಠ ಹೇಳುವವಳು ಜಾಲಾಡಿಸಿರಲೇ ಇಲ್ಲ. ಮರೆತಳೋ, ಕೈಯೇ ಬೇಕೆಂದು ಮಾಡಿತೋ, ದೇವರ ಮುಂದೆ ನಿಲ್ಲಿಸಿ ಕೇಳಿದರೂ ಆಕೆಗೆ ಹೇಳಲಾಗುತ್ತಿರಲಿಲ್ಲ.

ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ದ್ರಾವಣ ಮೂಲೆ ಸೇರುತ್ತಿತ್ತು, ಶುಕ್ರವಾರಗಳು ಉಳಿಯುತ್ತಿದ್ದವು. ಆದರೆ ಮುಂದಿನ ರಾಮನವಮಿಗೆ ಇನ್ಯಾವ ಬೀದಿಯ ಯಾವ ತಾಯಿಯೋ ಹಾಸಿಗೆಯ ಪಕ್ಕದಲ್ಲಿ ಕೂರಬೇಕಲ್ಲ.

"ಫೇಲ್ ಅಲ್ಲ ಅಭಿನವ್. ನಾನು ಸೋಪು ಉಳಿಸ್ಬಿಟ್ಟಿದ್ದೆ. ಈ ಸಲ ನೀನು ತೊಳಿ" ಎಂದಳು. ಅವನು ಆಕೆಯ ಮುಖ ನೋಡಿ ತಮಾಷೆ ಮಾಡಲಿಲ್ಲ.

ಈ ಸಲದ ತಟ್ಟೆಯಲ್ಲಿ ಏನೂ ಬೆಳೆಯಲಿಲ್ಲ. ಇನ್ನೊಮ್ಮೆ ಮಾಡಿದರು, ಆಗಲೂ ಇಲ್ಲ. ಮ್ಯಾನೇಜರ್ ಭಗವಂತರಾಯರು ಮೈಸೂರುಪಾಕು ಹಂಚಿದರು. "ಗೆದ್ಬಿಟ್ರಿ ಮೇಡಂ. ಆಸ್ಪತ್ರೆ ಕರಾರಿದೆಯಲ್ಲ, ಆ ಬ್ಯಾಕ್ಟೀರಿಯಾ ಕಲ್ಚರ್ ಇವತ್ತೇ ಮುಗಿಸ್ಬಿಡಿ" ಎಂದರು. ಅದು ಯಾರ ರಕ್ತದ್ದೆಂದು ಅವರಿಗೆ ಗೊತ್ತಿರಲಿಲ್ಲ.

ಮಧುರಾಳ ಬಟ್ಟೆಬರೆ ದಾನ ಕೊಟ್ಟಾಗಿತ್ತು. ಬೂದಿ ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಸೇರಿತ್ತು. ಆ ಮೈಯಿಂದ ಬಂದು ಇನ್ನೂ ಜೀವ ಹಿಡಿದಿದ್ದುದು ಇದೊಂದೇ. ರಮಾಮಣಿ ಕೊಳವೆಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಪ್ರೆಷರ್ ಕುಕ್ಕರಿನ ದೊಡ್ಡಣ್ಣನಂತಿದ್ದ ಆಟೋಕ್ಲೇವಿನೊಳಗೆ ಇಟ್ಟು ಮುಚ್ಚಳ ತಿರುಗಿಸಿದಳು. ಹಬೆ ಪೂರ್ತಿ ಇಳಿಯುವ ತನಕ ಅದರ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತಳು.

ಸಂಜೆ ಮನೆಗೆ ಬಂದವಳು ಏನನ್ನೂ ಮುಟ್ಟದೆ ನೇರ ಬಚ್ಚಲಿಗೆ ಹೋಗಿ, ಉಟ್ಟ ಸೀರೆಯಲ್ಲೇ ತಲೆಯ ಮೇಲೆ ತಣ್ಣೀರು ಸುರಿದುಕೊಂಡಳು. ಸದ್ದು ಕೇಳಿ ಸುದರ್ಶನ್ ಓಡಿಬಂದರು.

"ದೀಪ ಹಚ್ಚೋ ಹೊತ್ತಲ್ಲಿ ತಲೆಗೆ ನೀರು ಹಾಕ್ಕೊಂಡ್ಯಾ? ಯಾರು ಹೋದ್ರು?"

"ಮಧುರಾ" ಎಂದಳು.

ಆಕೆ ಹೊರಗೆ ಬರುವ ತನಕ ಸುದರ್ಶನ್ ಕಾದಿದ್ದು, ಅಂಗಿ ಬಿಚ್ಚಿ ಬಾಗಿಲಿಗೆ ನೇತುಹಾಕಿ, ತಾವೂ ಬಚ್ಚಲಿಗೆ ಹೋದರು.