ಹೆಸರು ಗೊತ್ತಿಲ್ಲದವರ ಎಡೆ

ದೊಂಗ್‌ಬಾ ಸಂತೆಯ ನನ್ನ ಗಂಜಿ ಅಂಗಡಿಗೆ ವಿಯೆನ್ ಅನ್ನೋ ಹುಡುಗ ಮೊದಲ ಸಲ ಬಂದ ದಿನ, ಮೂಗುಬಾಯಿ ಮುಚ್ಚಿಕೊಂಡು ಮಾರುದೂರ ನಿಂತು, "ಅಜ್ಜಿ, ನೀರು ಕುದೀತಾ? ಸೊಪ್ಪು ಬೆಂದಿದ್ಯಾ? ನಿಮಗೆ ಕೆಮ್ಮಿಲ್ಲ ತಾನೆ?" ಎಂದು ಕೇಳಿದ. "ಹೆಣ್ಣು ನೋಡೋಕೆ ಬಂದವರೂ ಇಷ್ಟು ಕೇಳಲ್ಲಪ್ಪ," ಎಂದೆ. ಸತ್ತ ಯಾರದೋ ಹೃದಯವನ್ನು ವೈದ್ಯರು ಅವನಿಗೆ ಹಾಕಿದ್ದರು. ಮೈ ಅದನ್ನು ಹೊರಗಿನದೆಂದು ದೂಡದಿರಲು ಬದುಕಿರುವವರೆಗೂ ಮಾತ್ರೆ ನುಂಗಬೇಕು. ಆ ಮಾತ್ರೆ ರೋಗ ತಡೆಯುವ ಶಕ್ತಿಯನ್ನೂ ಕುಗ್ಗಿಸುವುದರಿಂದ ಸಣ್ಣ ನೆಗಡಿಯೂ ಅವನಿಗೆ ಹುಲಿ. ಮಾತ್ರೆಯ ಹೊತ್ತಾದರೆ ಹಿರಿಯರಿಗೆ ಊದುಬತ್ತಿ ಬೆಳಗುವುದನ್ನೂ ಅರ್ಧಕ್ಕೆ ನಿಲ್ಲಿಸಿ ನುಂಗುತ್ತಾನೆ. ಪಟಾಕಿ ಸಿಡಿದರೆ ಬೆಚ್ಚಿ, ಆಮೇಲೆ ಎದೆ ಮುಟ್ಟಿಕೊಂಡು ಕಾಯುತ್ತಾನೆ: "ನರ ಕಡಿದು ಹಾಕಿದ್ದಲ್ವಾ, ಇದಕ್ಕೆ ಸುದ್ದಿ ತಡವಾಗಿ ಮುಟ್ಟುತ್ತೆ ಅಜ್ಜಿ. ನಾನು ಸುಧಾರಿಸ್ಕೊಂಡ ಮೇಲೆ ಇದು ಓಡೋಕೆ ಶುರು ಮಾಡುತ್ತೆ." ಕೊಟ್ಟವರು ಗಂಡೋ ಹೆಣ್ಣೋ ಎಂಬುದೂ ಅವನಿಗೆ ಗೊತ್ತಿಲ್ಲ. ಆದರೂ ಹೃದಯ ಹಾಕಿದ ದಿನವನ್ನೇ ಅವರ ತಿಥಿಯೆಂದು ಹಿಡಿದು ವರ್ಷವರ್ಷ ಎಡೆ ಇಡುತ್ತಾನೆ. ನಮ್ಮಲ್ಲಿ ಎಡೆಗೆ ಬಂದದ್ದನ್ನೆಲ್ಲ ಮನೆಯವರು ತಿನ್ನದಿದ್ದರೆ ಸತ್ತವರಿಗೆ ಅವಮಾನ. ಈ ಸಲ ನೆರೆಯವರು ಅಕ್ಕರೆಯಿಂದ ಚಕ್ಕೋತ ತಂದು ಎಡೆಯಲ್ಲಿಟ್ಟುಬಿಟ್ಟರು. ಆ ಹಣ್ಣು ಸೇರಿದರೆ ಮಾತ್ರೆ ವಿಷವಾಗುತ್ತದೆ ಎಂದು ವೈದ್ಯರು ಹೇಳಿದ್ದರು. ವಿಯೆನ್ ಒಂದು ತೊಳೆ ಹಿಡಿದುಕೊಂಡು ನನ್ನ ಹತ್ತಿರ ಬಂದು ಕೇಳಿದ: "ಅಜ್ಜಿ, ತಿಂದರೆ ಸತ್ತವರು ಕೊಟ್ಟ ಈ ಹೃದಯ ಹಾಳಾಗುತ್ತೆ, ತಿನ್ನದಿದ್ರೆ ಅವರು ನೊಂದ್ಕೋತಾರೆ. ನೀವೇ ಅವರಾಗಿದ್ರೆ ನನಗೇನು ಹೇಳ್ತಿದ್ರಿ?"