ಬಾಲ ಕತ್ತರಿಸಿದ ಅರಳಿ ಎಲೆ

ಇಂದಿರಾನಗರದ ಹಳೇ ಬಂಗಲೆಯೊಂದರ ಹಿಂಭಾಗದಲ್ಲಿ ನಡೆಯುವ ಶನಿವಾರದ ಮಡಕೆ ಕ್ಲಾಸಿಗೆ ನಾನು ಸೇರಿದ್ದು ಅತ್ತೆಯ ಮೇಲಿನ ಹಟಕ್ಕೆ. ಮದುವೆಯಾಗಿ ಇಪ್ಪತ್ತಾರು ವರ್ಷವಾದರೂ ನಾನು ಮಾಡಿದ ಯಾವುದನ್ನೂ ಅವರು ಚೆನ್ನಾಗಿದೆ ಎಂದವರಲ್ಲ. ಸಾರಿಗೆ ಉಪ್ಪು ಸಾಲದು, ರಂಗೋಲಿ ಸೊಟ್ಟ. ಹಲಸೂರಿನಲ್ಲೇ ಹುಟ್ಟಿ ಬೆಳೆದ ಅವರ ಬಾಯಲ್ಲಿ ಹೊಗಳಿಕೆಗೆ ಜಾಗವೇ ಇರಲಿಲ್ಲ. ಅಲ್ಲಿ ಸದಾ ಎಲೆಯಡಿಕೆ ಇರುತ್ತಿತ್ತು. ಮಣ್ಣಿನಲ್ಲಾದರೂ ಒಂದು ಒಳ್ಳೆಯ ಮಾತು ಗಿಟ್ಟಿಸಬೇಕೆಂದುಕೊಂಡೆ.

ನನ್ನ ಮೊದಲ ಕೆಲಸ ಅಗಲ ಬಾಯಿಯ ಹೂದಾನಿ. ಮಣ್ಣು ಅರೆ ಒಣಗಿದ್ದಾಗ ಸುತ್ತಲೂ ಅರಳಿ ಎಲೆ ಕೆತ್ತಿದೆ. ತುದಿಯ ಉದ್ದ ಬಾಲ ಮಾತ್ರ ಪ್ರತಿ ಸಲ ಮುರಿಯುತ್ತಿತ್ತು.

"ಬಾಲ ಕಟ್ ಮಾಡ್ಬಿಡಿ ಆಂಟಿ, ಸಿಂಪಲ್ಲಾಗಿರುತ್ತೆ," ಎಂದಳು ಕಲಿಸುವ ಹುಡುಗಿ.

ಹನ್ನೆರಡು ಎಲೆಗಳ ಬಾಲವನ್ನೂ ಚಾಕುವಿನಿಂದ ತೆಗೆದೆ. ಬಾಲ ಹೋದ ಅರಳಿ ಎಲೆ ಏನಾಗುತ್ತದೆಂದು ಆ ಹುಡುಗಿಗೆ ತಿಳಿಯದಿದ್ದರೆ ಸರಿ, ನನಗೂ ಹೊಳೆಯಲಿಲ್ಲವಲ್ಲ!

ಭಟ್ಟಿಯಲ್ಲಿ ಸುಟ್ಟು ಬಂದ ಹೂದಾನಿಯನ್ನು ಅತ್ತೆಯ ಕುರ್ಚಿಗೆ ಎದುರಾಗಿ ಕಾಣುವಂತೆ ಇಟ್ಟೆ. ಹೂ ತರಲು ಹೋಗಿ ಬರುವಷ್ಟರಲ್ಲಿ ಅವರು ಅದನ್ನು ಪಕ್ಕಕ್ಕೆ ಎಳೆದುಕೊಂಡು, ಕತ್ತು ಬಗ್ಗಿಸಿ, ಗುರಿಯಿಟ್ಟು ಉಗಿಯುತ್ತಿದ್ದರು.

"ಯಾರೇ ಮಾಡಿದ್ದು ಈ ಪೀಕದಾನಿ? ವೀಳ್ಯದೆಲೆ ಎಷ್ಟ್ ಲಕ್ಷಣವಾಗಿ ಕೆತ್ತವ್ರೆ! ಚೆಂದಾಗೈತೆ ಕಣೆ."

ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಆದರೆ ಆ ಮಾತು ಮತ್ತೆ ಸಿಕ್ಕೀತೇ?

"ನಾನೇ ಅತ್ತೆ. ನಿಮಗೋಸ್ಕರಾನೇ ಮಾಡ್ದೆ," ಎಂದುಬಿಟ್ಟೆ.

ಅವರು ನನ್ನನ್ನೊಮ್ಮೆ, ಅದನ್ನೊಮ್ಮೆ ನೋಡಿದರು. "ಕೈ ಪಳಗೈತೆ," ಎಂದರು. ತಂದ ಹೂವನ್ನೆಲ್ಲ ದೇವರಿಗೇ ಹಾಕಿದೆ. ಅಷ್ಟು ಖುಷಿಯಾಗಿತ್ತು.

ತಿಂಗಳ ನಂತರ ಕ್ಲಾಸಿನಲ್ಲಿ ಪ್ರದರ್ಶನವಿತ್ತು. ಕೊಡಲು ನನ್ನ ಬಳಿ ಇದ್ದದ್ದು ಅದೊಂದೇ. ಸೋಪು ಹಾಕಿದೆ, ನಿಂಬೆಹಣ್ಣು ಉಜ್ಜಿದೆ. ಒಳಗೆ ಗ್ಲೇಜಿನ ಹೊಳಪು ಬಳಿಯದ ಮಣ್ಣು ಎಲೆಯಡಿಕೆಯ ಕೆಂಪನ್ನೆಲ್ಲ ಕುಡಿದು ಕೂತಿತ್ತು. ಬಂದದ್ದು ಬರಲಿ ಎಂದು ಹಾಗೇ ಒಯ್ದೆ.

ಕಲಿಸುವ ಹುಡುಗಿ ಒಳಗೆಲ್ಲ ಬೆರಳಾಡಿಸಿದಳು. "ವಾವ್, ಎಂಥ ನ್ಯಾಚುರಲ್ ಕಲರ್! ಇದ್ಯಾವ ಗ್ಲೇಜು ಆಂಟಿ?"

"ನಮ್ಮತ್ತೇದು. ದಿನಾ ಸ್ವಲ್ಪ ಸ್ವಲ್ಪ ಹಾಕ್ತಾರೆ."

ನೋಡಲು ಬಂದಿದ್ದ ಒಬ್ಬಾಕೆ ಅದನ್ನು ಕೈಗೆತ್ತಿಕೊಂಡು, "ಇದನ್ನ ಮಾರ್ತೀರಾ?" ಎಂದು ಕೇಳಿದರು.

"ಇಲ್ಲಮ್ಮ," ಎಂದು ಮೆತ್ತಗೆ ಬಿಡಿಸಿಕೊಂಡೆ. "ಬೇಗ ಮನೆಗೆ ತಗೊಂಡ್ ಹೋಗ್ಬೇಕು. ನಮ್ಮತ್ತೆ ಬಾಯಿ ತುಂಬ್ಕೊಂಡು ಕಾಯ್ತಿರ್ತಾರೆ."